ಸಮಾಜವಿಜ್ಞಾನಗಳಿಗೆ ಸಂದ ಪುರಸ್ಕಾರ: ಒಂದು ಪರಾಮರ್ಶೆ

ವಿದ್ವತ್ತಿಗೆ ಸಲ್ಲುವ ಪುರಸ್ಕಾರವನ್ನು ಅದು ಯಾರಿಗೆ ಸಂದಿತೆಂಬುದರಿಂದ ಅಳೆಯುವುದು ಲೋಕದ ವಾಡಿಕೆ. ಯಾವ ಬಗೆಯ ಪರಿಶ್ರಮವನ್ನು ಅದು ವಿದ್ವತ್ತೆಂದು ಗಣಿಸಿತು, ಯಾವುದನ್ನು ಬಾಗಿಲಾಚೆ ನಿಲ್ಲಿಸಿತು ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಬೆಂಗಳೂರಿನಲ್ಲಿ ನೆಲೆಗೊಂಡಿರುವ ಇನ್ಫೋಸಿಸ್ ವಿಜ್ಞಾನ ಪ್ರತಿಷ್ಠಾನವು 2009ರಿಂದ ನೀಡುತ್ತ ಬಂದ ಪ್ರಶಸ್ತಿಗಳ ಪೈಕಿ ಸಮಾಜವಿಜ್ಞಾನಗಳ ಪ್ರಶಸ್ತಿಯ ವಿಷಯದಲ್ಲಿ ಈ ಪ್ರಶ್ನೆ ಈಗ ಅನಿವಾರ್ಯವಾಗಿದೆ. ಏಕೆಂದರೆ 2024ರಲ್ಲಿ ಆ ವಿಭಾಗದ ಸ್ವರೂಪವೇ ಮಾರ್ಪಟ್ಟಿತು. ಇದು ಸರಕಾರದ ಪ್ರಶಸ್ತಿಯಲ್ಲ, ಉದ್ಯಮಿಗಳ ದತ್ತಿಯಿಂದ ನಡೆಯತಕ್ಕದ್ದು. ಆದರೂ ಮೊದಲಿಗೆ 50 ಲಕ್ಷ ರೂಪಾಯಿಗಳಾಗಿದ್ದು ಮುಂದೆ 1 ಲಕ್ಷ ಡಾಲರಿಗೆ ಏರಿದ ಅದರ ಮೊತ್ತ, ತೀರ್ಪುಗಾರರ ಘನತೆ, ಇವೆರಡರಿಂದಲೂ ಅದಕ್ಕೆ ರಾಷ್ಟ್ರಮಟ್ಟದ ಗೌರವ ಪ್ರಾಪ್ತವಾಗಿದೆ. ಅಂಥ ಗೌರವವುಳ್ಳದ್ದು ವಿಮರ್ಶೆಗೆ ಹೊರತಾಗಿರಲಾರದು.

ಆರಂಭದ ಆಯ್ಕೆಗಳಲ್ಲಿ ಔದಾರ್ಯವಿತ್ತು. 2009ರಲ್ಲಿ ಅರ್ಥಶಾಸ್ತ್ರಕ್ಕಾಗಿ ಅಭಿಜಿತ್ ಬ್ಯಾನರ್ಜಿಯವರನ್ನೂ ಪ್ರಾಚೀನ ಭಾರತದ ಇತಿಹಾಸಕ್ಕಾಗಿ ಉಪಿಂದರ್ ಸಿಂಗ್ ಅವರನ್ನೂ ಒಂದೇ ವಿಭಾಗದಲ್ಲಿ ಗೌರವಿಸಲಾಯಿತು. ಮರುವರ್ಷ ಅಮಿತಾ ಬಾವಿಸ್ಕರ್, ನಂದಿನಿ ಸುಂದರ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞೆಯರಿಗೆ ಅದು ಸಂದಿತು. ಇಬ್ಬರೂ ಕಾಡುಮೇಡುಗಳ ಜನರ ನಡುವೆ ನಿಂತು ಅಧ್ಯಯನ ಮಾಡಿದವರು. 2012ರಲ್ಲಿ ಮಾನವಿಕ ಶಾಸ್ತ್ರಗಳಿಗೆ ಬೇರೆ ವಿಭಾಗ ತೆರೆದಾಗ ಇತಿಹಾಸವು ಅತ್ತ ಸರಿಯಿತು. ಉಳಿದ ಸಮಾಜವಿಜ್ಞಾನಗಳೆಲ್ಲ ವರ್ಷಕ್ಕೊಂದೇ ಪ್ರಶಸ್ತಿಯನ್ನು ಹಂಚಿಕೊಳ್ಳಬೇಕಾಯಿತು.

ಅನಂತರದ ಹನ್ನೆರಡು ವರ್ಷಗಳ ಪಟ್ಟಿಯನ್ನು ನೋಡಿದವರಿಗೆ ಒಂದು ವಿಚಿತ್ರ ಕ್ರಮ ಗೋಚರಿಸುತ್ತದೆ. 2012, 2014, 2016, 2018, 2020, 2022: ಈ ಸಮಸಂಖ್ಯೆಯ ವರ್ಷಗಳೆಲ್ಲವೂ ಅರ್ಥಶಾಸ್ತ್ರಜ್ಞರ ಪಾಲಾದುವು. ಅರುಣವ ಸೇನ್, ಎಸ್ತರ್ ಡುಫ್ಲೋ, ಕೈವನ್ ಮುನ್ಷಿ, ಸೆಂಧಿಲ್ ಮುಲ್ಲೈನಾಥನ್, ರಾಜ್ ಚೆಟ್ಟಿ, ರೋಹಿಣಿ ಪಾಂಡೆ ಎಂಬುವರು ಸರದಿಯಂತೆ ಬಂದರು. ನಡುವಿನ ಬೆಸ ವರ್ಷಗಳಲ್ಲಿ ಮಾನವಶಾಸ್ತ್ರ, ಸೇನಾ ಇತಿಹಾಸ, ನ್ಯಾಯಶಾಸ್ತ್ರ, ರಾಜಕೀಯ ಚಿಂತನೆ ಇವು ಪಂಕ್ತಿಯಲ್ಲಿ ಕುಳಿತು ತಮ್ಮ ಎಲೆಗೆ ಕಾದವು. ತೀರ್ಪುಗಾರರ ಮಂಡಲಿಗೆ ಅಧ್ಯಕ್ಷರಾಗಿದ್ದ ಅಮರ್ತ್ಯ ಸೇನ್, ಅನಂತರ ಕೌಶಿಕ್ ಬಸು ಇಬ್ಬರೂ ಅರ್ಥಶಾಸ್ತ್ರಜ್ಞರೇ. ಪಕ್ಷಪಾತವೆಂದು ಇದನ್ನು ದೂಷಿಸುವುದು ಸಲ್ಲದು. ಅನ್ಯ ಶಾಸ್ತ್ರಗಳಿಗೆ ಅರ್ಧವನ್ನಾದರೂ ಉಳಿಸಿದ ಜಾಣ ಏರ್ಪಾಡಿದು ಎಂದೂ ಹೇಳಬಹುದು. ಒಂದು ಶಾಸ್ತ್ರಕ್ಕೆ ಅರ್ಧ, ಮಿಕ್ಕೆಲ್ಲಕ್ಕೂ ಸೇರಿ ಅರ್ಧ ಎಂಬ ಲೆಕ್ಕ ಮಾತ್ರ ಗಮನಾರ್ಹ.

ಈ ಅರ್ಥಶಾಸ್ತ್ರಜ್ಞರಲ್ಲಿಯೂ ಒಂದು ಮನೆತನವಿದೆ. 2003ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಬಡತನದ ಅಧ್ಯಯನಕ್ಕಾಗಿ ಪ್ರಯೋಗಶಾಲೆಯೊಂದನ್ನು ಕಟ್ಟಿದ ಬ್ಯಾನರ್ಜಿ, ಡುಫ್ಲೋ, ಮುಲ್ಲೈನಾಥನ್ ಈ ಮೂವರಿಗೂ ಪ್ರಶಸ್ತಿ ಸಂದಿದೆ. ಮೊದಲಿಬ್ಬರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂದುದನ್ನು ನೆನೆದರೆ ತೀರ್ಪುಗಾರರ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಅವರ ಪದ್ಧತಿ ಔಷಧಪರೀಕ್ಷೆಯಿಂದ ಬಂದದ್ದು: ಚೀಟಿ ಎತ್ತಿದಂತೆ ಹಳ್ಳಿಗಳನ್ನು ವಿಂಗಡಿಸಿ, ಕೆಲವಕ್ಕೆ ಸೌಲಭ್ಯ ಕೊಟ್ಟು, ಕೆಲವಕ್ಕೆ ಕೊಡದೆ, ಫಲವನ್ನು ಹೋಲಿಸುವುದು. ರಾಜಸ್ಥಾನದ ಉದಯಪುರ ಪ್ರಾಂತದ 134 ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಲಸಿಕೆಯ ಪ್ರಯೋಗ ಪ್ರಸಿದ್ಧವಾದುದು. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಕೂಸುಗಳು ನೂರಕ್ಕೆ 6. ನಿಯತವಾಗಿ ಶಿಬಿರ ನಡೆಸಿದಲ್ಲಿ 18. ಶಿಬಿರದೊಂದಿಗೆ ತಾಯಂದಿರಿಗೆ ಬೇಳೆ ಹಾಗೂ ಊಟದ ತಟ್ಟೆಗಳನ್ನು ಕೊಟ್ಟಲ್ಲಿ 39. ಇದರ ಬೆಲೆಯನ್ನು ಅಲ್ಲಗಳೆಯುವವರು ಕೂಸುಗಳ ಜೀವದ ಬೆಲೆಯನ್ನು ಅರಿಯದವರು. ಆದರೆ ಬೇಳೆಗಾಗಿ ಬಂದ ತಾಯಿ ಅದುವರೆಗೆ ಏಕೆ ಬಾರದಿದ್ದಳು, ಬೇಳೆ ಕೊಟ್ಟಲ್ಲಿಯೂ 61 ಕೂಸುಗಳು ಏಕೆ ಉಳಿದವು ಎಂಬುದಕ್ಕೆ ಅಂಕಿಗಳು ಬಾಯಿ ಬಿಡುವುದಿಲ್ಲ. ಅದನ್ನು ತಿಳಿಯಲು ಆ ಮನೆಯ ಜಗುಲಿಯ ಮೇಲೆ ಬಹುಕಾಲ ಕುಳಿತಿರಬೇಕಾಗುತ್ತದೆ.

ಹಾಗೆ ಕುಳಿತವರಲ್ಲೊಬ್ಬರು 2013ರಲ್ಲಿ ಪುರಸ್ಕೃತರಾದ ಎ.ಆರ್. ವಾಸವಿಯವರು. ಈ ಪ್ರಶಸ್ತಿಯ ಪಟ್ಟಿಯಲ್ಲಿ ಕನ್ನಡ ನೆಲಕ್ಕೆ ಅತ್ಯಂತ ನಿಕಟವಾದ ಹೆಸರು ಅವರದು. ವಿಜಾಪುರ ಸೀಮೆಯ ಹಳ್ಳಿಯೊಂದರಲ್ಲಿದ್ದು ನಡೆಸಿದ ಅಧ್ಯಯನದ ಫಲವಾಗಿ 1994ರಲ್ಲಿ ಒಂದು ಲೇಖನ, 1999ರಲ್ಲಿ 'ಹಾರ್ಬಿಂಜರ್ಸ್ ಆಫ್ ರೇನ್' ಎಂಬ ಗ್ರಂಥ ಹೊರಬಂದವು. ಲೇಖನದ ತಿರುಳು ಹೊಸ ಬೀಜವನ್ನು ಕುರಿತದ್ದು. ಜವಾರಿ ಜೋಳವುಂಡ ಹಿರಿಯರು ಗಟ್ಟಿ, ಹೈಬ್ರಿಡ್ ಉಂಡ ಈಗಿನವರು ದುರ್ಬಲರು. ಕಾಳು ಹೈಬ್ರಿಡ್, ಕಾಲವೂ ಹೈಬ್ರಿಡ್, ಮನುಷ್ಯರೂ ಹೈಬ್ರಿಡ್ ಎಂಬ ರೈತರ ಮಾತನ್ನು ಹಳ್ಳಿಗರ ಅಜ್ಞಾನವೆಂದು ತಳ್ಳದೆ, ಭೂಮಿ, ಬೆಳೆ, ದೇಹ, ನಡತೆ ಇವುಗಳನ್ನು ಒಂದೇ ಸೂತ್ರದಲ್ಲಿ ಕಾಣುವ ವಿಚಾರಪದ್ಧತಿಯೆಂದು ಅವರು ಗ್ರಹಿಸಿದರು. ಎರೆಹೊಲದಲ್ಲಿ ಹದ ನೋಡಿ ಬಿತ್ತುವ, ಹದ ನೋಡಿ ಅಡುಗೆ ಇಳಿಸುವ, ಹದ ತಪ್ಪಿ ಮಾತಾಡಿದವನನ್ನು ಬಯ್ಯುವ ಕನ್ನಡಿಗರಿಗೆ ಇದು ಹೊಸತೆನಿಸದು. ಹೊಸತೆನಿಸದ್ದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿ ವಿದ್ವಲ್ಲೋಕದ ಮುಂದಿಟ್ಟದ್ದು ಅವರ ಸಾಧನೆ.

ಅದಕ್ಕಿಂತ ಕಠಿನವಾದುದು ರೈತರ ಆತ್ಮಹತ್ಯೆಗಳನ್ನು ಕುರಿತ ಬರಹ. ಬೀದರ ಜಿಲ್ಲೆಯ ದುರಂತಗಳ ಬೆನ್ನಿಗೆ 1999ರಲ್ಲಿ 'ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಪ್ರಬಂಧ ಬರೆದ ಅವರು 2012ರಲ್ಲಿ 'ಶ್ಯಾಡೋ ಸ್ಪೇಸ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಸಾಲವೊಂದನ್ನೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಬೀಜ, ಗೊಬ್ಬರ, ಔಷಧಿಗಳಿಗೆ ಪೇಟೆಯನ್ನು ನಂಬಿದ ಸಣ್ಣ ಹಿಡುವಳಿದಾರನು ಕೇರಿಯ ಕೂಡುಬಾಳಿನಿಂದ ಕಳಚಿಕೊಂಡು, ತಿಳಿಯದ ಬೇಸಾಯದ ಹೊಣೆಯನ್ನು ಒಬ್ಬಂಟಿಯಾಗಿ ಹೊತ್ತು, ಸೋತಾಗ ಆ ಸೋಲನ್ನು ತನ್ನೊಬ್ಬನದೆಂದೇ ಭಾವಿಸಿದನೆಂಬುದು ಅವರ ವಾದ. ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಹಿಂದಿನ ಕೂಡುಬಾಳಿನಲ್ಲಿ ಜಾತಿಯ ಕಟ್ಟು, ಆಯಗಾರರ ಹಂಗು, ಕೂಲಿಯವನ ಮೂಕತನ ಇವೂ ಸೇರಿದ್ದುವು. ಅದರ ಅಳಿವು ಎಲ್ಲರಿಗೂ ಸಮನಾದ ನಷ್ಟವಾಗಿರಲಿಲ್ಲ. ಯಾರ ಪಾಲಿಗೆ ಎಷ್ಟು ನಷ್ಟ ಎಂಬಲ್ಲಿಯೇ ಎಣಿಕೆಯವರ ನೆರವು ಬೇಕಾಗುತ್ತದೆ. ಈ ಎರಡು ಪದ್ಧತಿಗಳು ಪರಸ್ಪರ ಪೂರಕವಾಗುವುದು ಇಂತಹ ಪ್ರಶ್ನೆಗಳಲ್ಲಿ.

ಆದ್ದರಿಂದ 2024ರ ಬದಲಾವಣೆ ಚಿಂತನೆಗೆ ಯೋಗ್ಯವಾಗಿದೆ. ಆ ವರ್ಷ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಪ್ರಶಸ್ತಿಯಾಯಿತು. ಉಳಿದ ಸಮಾಜವಿಜ್ಞಾನಗಳು ಮಾನವಿಕ ಶಾಸ್ತ್ರಗಳೊಡನೆ ಒಂದಾದುವು. ಸರದಿಯಲ್ಲಿ ದೊರೆಯುತ್ತಿದ್ದ ಎಲೆಯನ್ನು ಇನ್ನು ಇತಿಹಾಸ, ಸಾಹಿತ್ಯ, ದರ್ಶನಗಳೊಡನೆಯೂ ಹಂಚಿಕೊಳ್ಳಬೇಕು. ಕೇರಳದಿಂದ ಬಂದು ಕನ್ನಡದಲ್ಲಿಯೂ ಬರೆಯುವ ಇತಿಹಾಸಕಾರ ಮನು ದೇವದೇವನ್ ಅವರು 2019ರಲ್ಲಿ ಮಾನವಿಕ ವಿಭಾಗದಲ್ಲಿ ಗೌರವ ಪಡೆದರು. ಅದೇ ವರ್ಷ ಸಮಾಜವಿಜ್ಞಾನದ ಗೌರವ ಮಾನವಶಾಸ್ತ್ರಜ್ಞ ಆನಂದ ಪಾಂಡಿಯನ್ ಅವರದಾಯಿತು. ಈಗಿನ ಏರ್ಪಾಡಿನಲ್ಲಿ ಅವರಿಬ್ಬರಲ್ಲಿ ಒಬ್ಬರನ್ನು ಬಿಡಬೇಕಾಗುತ್ತಿತ್ತು.

ಇನ್ನೂ ಗಂಭೀರವಾದುದು ಅದೇ ವರ್ಷ ಜಾರಿಗೆ ಬಂದ ನಲವತ್ತರ ವಯೋಮಿತಿ. ಗಣಿತಜ್ಞನ ಪ್ರತಿಭೆ ಇಪ್ಪತ್ತೈದರಲ್ಲಿ ಬೆಳಗಬಹುದು. ಹಳ್ಳಿಯನ್ನು ಅರಿಯುವ ವಿದ್ಯೆಗೆ ಅಂಥ ಅವಸರವಿಲ್ಲ. ಮೈಸೂರು ಸೀಮೆಯ ರಾಂಪುರದಲ್ಲಿ ಎಂ.ಎನ್. ಶ್ರೀನಿವಾಸರು ಕ್ಷೇತ್ರಕಾರ್ಯ ಮಾಡಿದ್ದು 1948ರಲ್ಲಿ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಆಹುತಿಯಾದುವು. ನೆನಪಿನ ಬಲದಿಂದ ಬರೆದ 'ದಿ ರಿಮೆಂಬರ್ಡ್ ವಿಲೇಜ್' ಬಂದದ್ದು 1976ರಲ್ಲಿ. ಆಗ ಅವರು ಅರವತ್ತರ ಅಂಚಿನಲ್ಲಿದ್ದರು. ವಿಜಾಪುರದ ಫ.ಗು. ಹಳಕಟ್ಟಿಯವರ ಕಾರ್ಯ ಬೇರೆ ಕ್ಷೇತ್ರದ್ದಾದರೂ ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾದ 1923ರಲ್ಲಿ ಅವರಿಗೂ ನಲವತ್ತು ದಾಟಿತ್ತು. ಇಂದಿನ ನಿಯಮ ಅಂದು ಇದ್ದಿದ್ದರೆ ಇಬ್ಬರ ಮಹಾಕಾರ್ಯಗಳೂ ಪರಿಶೀಲನೆಗೇ ಬರುತ್ತಿರಲಿಲ್ಲ. ಎಳೆಯರಿಗೆ ಪ್ರೋತ್ಸಾಹ ಬೇಕೆಂಬುದು ಸತ್ಯ. ಆದರೆ ಪ್ರಯೋಗಶಾಲೆಯ ಗಡಿಯಾರವನ್ನು ತಂದು ಹಳ್ಳಿಯ ಚಾವಡಿಗೆ ತೂಗುಹಾಕಿದರೆ, ಬೇಗ ಮುಗಿಯುವ ಅಧ್ಯಯನಗಳತ್ತಲೇ ತರುಣರು ವಾಲುವರು.

ಭಾಷೆಯ ಮಾತೊಂದು ಉಳಿದಿದೆ. ಪುರಸ್ಕೃತ ಕೃತಿಗಳು ಬಹುಮಟ್ಟಿಗೆ ಇಂಗ್ಲಿಷಿನವು. ಡುಫ್ಲೋ, ಮುನ್ಷಿ, ಮುಲ್ಲೈನಾಥನ್, ಪಾಂಡಿಯನ್, ಚೆಟ್ಟಿ, ಪಾಂಡೆ, ಕರುಣಾ ಮಂತೇನ ಇವರೆಲ್ಲರೂ ಪ್ರಶಸ್ತಿ ಬಂದಾಗ ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಇದ್ದವರು. ವಾಸವಿಯವರು ಚಾಮರಾಜನಗರ ಜಿಲ್ಲೆಯಲ್ಲಿ 'ಪುನರ್ಚಿತ್' ಎಂಬ ಬಳಗದ ಮೂಲಕ ಗ್ರಾಮೀಣ ಯುವಕ ಯುವತಿಯರ ಕಲಿಕೆಯಲ್ಲಿ ತೊಡಗಿರುವುದು ಈ ಕೊರತೆಗೆ ಅವರೇ ಕಂಡುಕೊಂಡ ಉತ್ತರದಂತಿದೆ. ವ್ಯಕ್ತಿಯೊಬ್ಬರು ತಮ್ಮ ಮಟ್ಟದಲ್ಲಿ ಮಾಡಿದ್ದನ್ನು ಪ್ರತಿಷ್ಠಾನವು ತನ್ನ ಮಟ್ಟದಲ್ಲಿ ಮಾಡಬಹುದು: ಪ್ರಶಸ್ತಿಯ ಜೊತೆಯಲ್ಲಿಯೇ, ಕೃತಿಯು ಯಾವ ನೆಲದ ಜನರನ್ನು ಕುರಿತದ್ದೋ ಆ ನೆಲದ ಭಾಷೆಗೆ ಅದರ ಅನುವಾದವನ್ನು ಮಾಡಿಸಿ, ಸುಲಭ ಬೆಲೆಗೆ ಅಚ್ಚು ಹಾಕಿಸಬಹುದು. 1 ಲಕ್ಷ ಡಾಲರಿನ ಮುಂದೆ ಅದರ ವೆಚ್ಚ ಅತ್ಯಲ್ಪ. ಹೈಬ್ರಿಡ್ ಕಾಲವನ್ನು ಕುರಿತು ತಮ್ಮೂರಿನವರು ಆಡಿದ ಮಾತು ಲಂಡನ್ನಿನ ಪತ್ರಿಕೆಯಲ್ಲಿ ಏನಾಗಿ ಅಚ್ಚಾಯಿತೆಂಬುದನ್ನು ವಿಜಾಪುರದ ರೈತರು ಆಗ ತಮ್ಮ ಭಾಷೆಯಲ್ಲಿಯೇ ಓದಿ, ಸರಿಯಿದ್ದರೆ ಸರಿಯೆನ್ನಬಹುದು, ತಪ್ಪಿದ್ದರೆ ತಿದ್ದಬಹುದು.