ಕೈ ತಾನಾಗಿ ಏಳುವುದಿಲ್ಲ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಗಂಡ ಹೆಂಡಿರ ಯಾವ ರಾಜಿ ಪಂಚಾಯ್ತಿಯಲ್ಲಿ ಹೋಗಿ ಕೂತರೂ ಒಂದು ಮಾತು ಬಂದೇ ಬರುತ್ತದೆ: “ಹುಡುಗ ಒಳ್ಳೇನೇ ಕಣಮ್ಮ, ಸಿಟ್ಟು ಬಂದ್ರೆ ತಡಕಳಕ್ಕಾಗಲ್ಲ ಅಷ್ಟೆ.” ಹೇಳುವವರು ಕೆಟ್ಟವರಲ್ಲ. ಮನೆ ಮುರಿಯಬಾರದು ಎಂಬ ಕಾಳಜಿ ಅವರದು. ಬೆನ್ನಿಗೇ ಗಾದೆಯೂ ಬರುತ್ತದೆ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಏಟು ತಿಂದವಳೇ ಎದ್ದು ಬಡಿಸಬೇಕು ಎಂಬುದನ್ನು ಗಾದೆ ಹೇಳದೆ ಬಿಟ್ಟಿದೆ.

ಹೊಡೆಯುವ ಗಂಡಸಿಗೆ ತನ್ನ ಮೇಲೆ ಹಿಡಿತವಿಲ್ಲ ಎನ್ನುವ ಈ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಅವನ ಹಿಡಿತ ಚೆನ್ನಾಗಿಯೇ ಇರುತ್ತದೆ.

ಅಜ್ಜಂಪುರ ಸೀಮೆಯ ಈರುಳ್ಳಿ ಬೆಳೆಗಾರನೊಬ್ಬನನ್ನು ಊಹಿಸಿಕೊಳ್ಳಿ. ಲಾರಿಗೆ ಚೀಲ ಹಾಕಿಸಿಕೊಂಡು ಬೆಂಗಳೂರಿನ ಯಶವಂತಪುರದ ಮಂಡಿಗೆ ಹೋಗುತ್ತಾನೆ. ದಲ್ಲಾಳಿ ಚೀಲಕ್ಕೆ ಕೈ ಹಾಕಿ ನಾಲ್ಕು ಗೆಡ್ಡೆ ಹಿಸುಕಿ, ಮಾಲು ಹಸಿ ಇದೆ ಎಂದು ಬೆಲೆ ಇಳಿಸುತ್ತಾನೆ. ಬೆಳೆಗಾರನ ರಕ್ತ ಕುದಿಯುತ್ತದೆ. ಕುದಿಯಬೇಕಾದದ್ದೇ. ಆದರೂ “ನೀವು ಹೇಳಿದಂಗೆ ಆಗ್ಲಿ” ಎಂದು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ರೈಲು ಹತ್ತುತ್ತಾನೆ. ಸೀಟಿಗಾಗಿ ತಳ್ಳಾಡಿದವನಿಗೆ ಹೊಡೆಯುವುದಿಲ್ಲ, ಬೀರೂರಿನಲ್ಲಿ ಇಳಿಯುವಾಗ ಪೊಲೀಸನಿಗೆ ಎದುರು ಮಾತಾಡುವುದಿಲ್ಲ. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಿಟ್ಟನ್ನು ಜೋಪಾನವಾಗಿ ಹೊತ್ತು ತಂದು, ಸಾರು ತಣ್ಣಗಿದೆ ಎಂದು ಹೆಂಡತಿಯ ಕೆನ್ನೆಯ ಮೇಲೆ ಇಳಿಸುತ್ತಾನೆ. ಅದೂ ಬಾಗಿಲು ಹಾಕಿದ ಮೇಲೆ. ಸಿಟ್ಟು ನಿಜ, ನಷ್ಟವೂ ನಿಜ. ತಡೆಯಲಾಗಲಿಲ್ಲ ಎಂಬುದು ಮಾತ್ರ ಸುಳ್ಳು. ಬೆಳಗಿನಿಂದ ಅವನು ಮಾಡಿದ್ದೆಲ್ಲ ತಡೆಯುವ ಕೆಲಸವನ್ನೇ. ಬಸ್ ಸ್ಟ್ಯಾಂಡಿನಲ್ಲೂ ಕಂಡಕಂಡವರ ಮೇಲೆ ಬೀಳುವವರು ಇದ್ದಾರೆ. ಅವರ ಕಥೆ ಬೇರೆ. ಅಂಥವನನ್ನು ಪಂಚಾಯ್ತಿಯಲ್ಲಿ ಯಾರೂ ಒಳ್ಳೆಯವನು ಎನ್ನುವುದಿಲ್ಲ.

ಕುಡಿತದ ನೆಪವೂ ಇದೇ ಜಾತಿಯದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಗಿ ಬಾಟಲಿ ಬಂತು, ಹೊಡೆತ ಉಳಿಯಿತು. ಎಷ್ಟೇ ಕುಡಿದವನೂ ಮನೆಯ ದಾರಿ ತಪ್ಪುವುದಿಲ್ಲ, ಯಾರ ಮೇಲೆ ಕೈ ಮಾಡಬಹುದು ಎಂಬ ಲೆಕ್ಕವನ್ನೂ ತಪ್ಪುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಆ ಅಂಕಿ ಸುದ್ದಿಯಾಯಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು ಪ್ರಶ್ನೆ. ಹೇಳದೆ ಹೊರಗೆ ಹೋದರೆ, ಅಡುಗೆ ಸರಿ ಮಾಡದಿದ್ದರೆ, ಎದುರು ಮಾತಾಡಿದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹಾಸಿಗೆಯಲ್ಲಿ ಒಲ್ಲೆ ಎಂದರೆ ಗಂಡ ಹೊಡೆಯುವುದು ಸರಿಯೇ ಎಂದು ಅಲ್ಲಿ ಕೇಳಿದ್ದರು. ಇಂಥ ಯಾವುದಾದರೂ ಒಂದು ಕಾರಣಕ್ಕೆ ಸರಿ ಎಂದವರು ರಾಜ್ಯದ ಗಂಡಸರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು. ಹೆಂಗಸರಲ್ಲೂ ಮುಕ್ಕಾಲು ಪಾಲು. ಸರಿ ಎಂದು ನಂಬಿ ಮಾಡುವುದನ್ನು ಕೈ ತಪ್ಪಿ ಆದದ್ದು ಎನ್ನುವುದು ಹೇಗೆ? ಅದು ಶಿಕ್ಷೆ. ಶಿಕ್ಷೆ ಕೊಡುವವನು ತಪ್ಪು ಗೊತ್ತುಮಾಡುತ್ತಾನೆ, ಪ್ರಮಾಣ ಗೊತ್ತುಮಾಡುತ್ತಾನೆ, ಹೊತ್ತು ನೋಡುತ್ತಾನೆ. ತಪ್ಪಿ ಆಗುವುದು ಬೇರೆ: ತರೀಕೆರೆ ಏರಿಯ ಮೇಲಿನ ಕುರಿಮರಿಗಳ ನಾಲಿಗೆ ತೊಡಕಿನ ಮಾತನ್ನು ಬೇಗ ಬೇಗ ಹೇಳಿ ನೋಡಿ, ನಾಲಿಗೆ ತಪ್ಪುತ್ತದೆ. ಹೆಂಡತಿಯ ತವರನ್ನು ಬಯ್ಯುವಾಗ ಯಾರ ನಾಲಿಗೆಯೂ ತೊಡರಿದ್ದನ್ನು ನಾನು ಕೇಳಿಲ್ಲ.

ತಡೆಯಲಾಗಲಿಲ್ಲ ಎಂಬ ನಂಬಿಕೆಗೆ ಕಾನೂನಿನಲ್ಲೂ ಒಂದು ಮೂಲೆ ಇದೆ. ಹಿಂದಿನ ದಂಡಸಂಹಿತೆಯ 300ನೇ ಕಲಂ, ಗಂಭೀರ ಹಾಗೂ ಹಠಾತ್ ಪ್ರಚೋದನೆಯಿಂದ ಆತ್ಮಸಂಯಮ ಕಳೆದುಕೊಂಡು ಕೊಂದರೆ ಅದನ್ನು ಕೊಲೆ ಎಂದು ಎಣಿಸುತ್ತಿರಲಿಲ್ಲ. ಈಗಿನ ನ್ಯಾಯಸಂಹಿತೆಯಲ್ಲೂ ಆ ವಿನಾಯಿತಿ ಇದೆ. ಹೆಂಡತಿಯ ಪ್ರಿಯಕರನನ್ನು ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ ಇದೇ ವಾದ ಬಂದಾಗ, 1961ರಲ್ಲಿ ಸುಪ್ರೀಂ ಕೋರ್ಟು ಗಡಿಯಾರ ನೋಡಿತು. ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ನೆಪ ಹೇಳಿ ರಿವಾಲ್ವರ್ ಪಡೆದು, ಆ ಪ್ರಿಯಕರನ ಮನೆ ತಲುಪಿದವನಿಗೆ ಸಂಯಮ ಮರಳಲು ಬೇಕಾದಷ್ಟು ಹೊತ್ತಿತ್ತು ಎಂದಿತು. ನಮ್ಮ ಪಂಚಾಯ್ತಿಗಳು ಗಡಿಯಾರ ನೋಡುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಂತೂ ಸಿಟ್ಟಿನ ಮಾತನ್ನೇ ಎತ್ತದೆ, ಮನೆಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದನ್ನೂ ದೌರ್ಜನ್ಯವೆಂದು ಎಣಿಸಿತು. ಆರು ತಿಂಗಳು ರೇಷನ್ನಿಗೆ ಕಾಸು ಕೊಡದಿರುವುದು ಯಾವ ಆವೇಶದಲ್ಲಿ ಆಗುವ ಕೆಲಸ? ಆ ಕಾಯ್ದೆಯಡಿ ದೂರು ಕೇಳಬೇಕಾದ ಸಂರಕ್ಷಣಾಧಿಕಾರಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಅಂಗನವಾಡಿಯ ಮೊಟ್ಟೆ ಲೆಕ್ಕದ ನಡುವೆ ಅವರಿಗೆ ಇದೂ ಒಂದು ಕೆಲಸ.

ಸಿಟ್ಟು ತಡೆಯಲಾಗದು ಎಂಬ ವಿವರಣೆಯ ಭಾರ ಬೀಳುವುದು ಹೆಂಗಸಿನ ಮೇಲೆ. ಗಂಡಸಿಗೆ ಹಿಡಿತವಿಲ್ಲ ಎಂದಮೇಲೆ ಅವನ ಪಾಲಿನ ಹಿಡಿತವನ್ನೂ ಇವಳೇ ಇಟ್ಟುಕೊಳ್ಳಬೇಕು. ಗಾಡಿ ನಿಲ್ಲಿಸಿದ ಸದ್ದಿನಲ್ಲೇ ಅವನ ಮನಸ್ಸು ಹೇಗಿದೆ ಎಂದು ತಿಳಿಯಬೇಕು. ಮಕ್ಕಳನ್ನು ಮಲಗಿಸಿರಬೇಕು, ಸಾರು ಬಿಸಿ ಇರಬೇಕು, ತಂಗಿಯ ಫೋನು ಬಂದರೆ ಕಟ್ ಮಾಡಬೇಕು. ಇಷ್ಟಾದರೂ ಹೊಡೆತ ಬಿದ್ದರೆ “ನೀನಾದ್ರೂ ಸುಮ್ನಿರಬಾರದಾ” ಎಂಬ ಬುದ್ಧಿವಾದ ಬೇರೆ.

ಹಾಗಾದರೆ ಗಂಡಸಿಗೆ ಸಂಯಮ ಕಲಿಸಿದರೆ ಮುಗಿಯಿತೇ? ಇಲ್ಲಿ ಅಜ್ಜಂಪುರದ ಹೆಸರು ಹೊತ್ತ ಕಥೆಗಾರನೇ ಅಡ್ಡ ಬರುತ್ತಾನೆ. ‘ಆನಂದ’ ಎಂಬ ಹೆಸರಿನಲ್ಲಿ ಬರೆದ ಅಜ್ಜಂಪುರ ಸೀತಾರಾಮರ ‘ನಾನು ಕೊಂದ ಹುಡುಗಿ’ಯ ನಿರೂಪಕ ಸಂಯಮಿಯೇ. ಉಳಿದುಕೊಂಡ ಮನೆಯ ಮಗಳು ಚೆನ್ನಿ ಬಸವಿ, ಹರಕೆಗೆ ಬಿಟ್ಟವಳು. ರಾತ್ರಿ ತನ್ನ ಕೋಣೆಗೆ ಬಂದವಳನ್ನು ಆತ ಮುಟ್ಟುವುದಿಲ್ಲ, ಬುದ್ಧಿ ಹೇಳುತ್ತಾನೆ. ಆಕೆ ಬಾವಿಗೆ ಬೀಳುತ್ತಾಳೆ. ತನ್ನ ಮೇಲೆ ಪೂರ್ತಿ ಹಿಡಿತವಿದ್ದ ಗಂಡಸು, ಎದುರಿಗಿದ್ದವಳ ಬದುಕು ಏನೆಂದು ತಿಳಿಯದೆಯೇ ತೀರ್ಪು ಕೊಟ್ಟ. ಅವನಿಗೆ ಸಂಯಮ ಕಡಿಮೆಯಿತ್ತು ಎಂದು ಯಾವ ಪಂಚಾಯ್ತಿಯೂ ಹೇಳಲಾರದು.

ಆ ಕಥೆಯ ಹೆಸರನ್ನು ಮತ್ತೆ ನೋಡುತ್ತೇನೆ. ನಮ್ಮ ಮಾತಿನಲ್ಲಿ ಏಟು ಬೀಳುತ್ತದೆ, ಕೈ ಎದ್ದುಬಿಡುತ್ತದೆ, ಬಾಯಿ ತಪ್ಪಿ ಬರುತ್ತದೆ; ಇವುಗಳಲ್ಲಿ ಮಾಡಿದವನು ಎಲ್ಲೂ ಇರುವುದಿಲ್ಲ. ಮೈಮೇಲೆ ಕೈಯಿಟ್ಟೇ ಇರದ, ಕೋರ್ಟಿನಲ್ಲಿ ನಿಂತರೆ ನಿರಪರಾಧಿ ಎನಿಸಿಕೊಳ್ಳಬಹುದಾಗಿದ್ದ ಮನುಷ್ಯ, ಚೆನ್ನಿ ಸತ್ತಳು ಎನ್ನುವುದಿಲ್ಲ. ಅವನ ಮೊದಲ ಪದವೇ ‘ನಾನು’.