ದುಡಿಯುವ ಲೋಲಕ

ಹಳೆಯ ಗೋಡೆ ಗಡಿಯಾರ ಕೊಳ್ಳಲು ಹೋದಾಗ ಮೊದಲು ತೂಗುತ್ತಿರುವ ಲೋಲಕವನ್ನು ಬೆರಳಿನಿಂದ ತಡೆದು ನೋಡಿ. ಸದ್ದಿನ ಜೊತೆ ಮುಳ್ಳುಗಳೂ ನಿಂತರೆ ಸರಿ. ಸೆಕೆಂಡಿನ ಮುಳ್ಳು ತನ್ನ ಪಾಡಿಗೆ ಓಡುತ್ತಲೇ ಇದ್ದರೆ ಒಳಗಿರುವುದು ಬ್ಯಾಟರಿ ಯಂತ್ರ. ಲೋಲಕ ಮದುವೆಮನೆ ಬಾಗಿಲ ಬೊಂಬೆಯಂತೆ ಬರೀ ತಲೆಯಾಡಿಸುತ್ತಿದೆ. ಅಂಥದ್ದನ್ನು ನಾನಂತೂ ಬಿಟ್ಟಿ ಕೊಟ್ಟರೂ ತರುವುದಿಲ್ಲ.

ಕೀ ಕೊಟ್ಟ ಸ್ಪ್ರಿಂಗಿಗೆ ಒಮ್ಮೆಲೇ ಬಿಚ್ಚಿಕೊಳ್ಳುವ ಆತುರ. ಆದರೆ ಲೋಲಕ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ, ಸ್ಪ್ರಿಂಗ್ ತಿರುಗಿಸುವ ಚಕ್ರದ ಒಂದೇ ಹಲ್ಲನ್ನು ಮುಂದೆ ಬಿಡುತ್ತದೆ. ಆ ಹಲ್ಲು ಹೋಗುತ್ತಾ ಲೋಲಕಕ್ಕೂ ಒಂದು ಸಣ್ಣ ನೂಕು ಕೊಡುತ್ತದೆ. 1656ರಲ್ಲಿ ಹಾಲೆಂಡಿನ ಕ್ರಿಶ್ಚಿಯಾನ್ ಹೈಗೆನ್ಸ್ ಕೂಡಿಸಿದ ಜೋಡಿ ಇದು. ವೇಗ ನಿಂತಿರುವುದು ಗುಂಡಿನ ತೂಕದ ಮೇಲಲ್ಲ, ಲೋಲಕದ ಉದ್ದದ ಮೇಲೆ. ಸುಮಾರು 25 ಸೆಂ.ಮೀ. ಲೋಲಕದ ಗುಂಡು 1 ಮಿ.ಮೀ. ಕೆಳಗಿಳಿದರೂ ಗಡಿಯಾರ ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ. ಗುಂಡಿನಡಿಯ ನಟ್ಟನ್ನು ಅರ್ಧ ಸುತ್ತು ತಿರುಗಿಸಿ ಒಂದು ದಿನ ಕಾಯುವ ತಾಳ್ಮೆ ಬೇಕು.

ಉದ್ದವೂ ಕೆಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ, ಆದರೂ ಹೊತ್ತು ತಪ್ಪಿದರೆ? 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಝಾಂ ರಿಶೆಗೆ ಆದದ್ದು ಹಾಗೆಯೇ. ಪ್ಯಾರಿಸಿನಲ್ಲಿ ಹದವಾಗಿದ್ದ ಗಡಿಯಾರ, ಭೂಮಧ್ಯರೇಖೆಗೆ ಹತ್ತಿರದ ಕಾಯೆನ್ನಿನಲ್ಲಿ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬಿತ್ತು. ಅಲ್ಲಿ ಭೂಮಿಯ ಸೆಳೆತವೇ ಕಡಿಮೆ! ಭೂಮಿ ನಡುವಿನಲ್ಲಿ ಉಬ್ಬಿದೆ ಎಂಬ ನ್ಯೂಟನ್ನನ ವಾದಕ್ಕೆ ಇದು ಸಾಕ್ಷಿಯಾಯಿತು. ಅಲ್ಲಿಂದ ಮುಂದೆ ಲೋಲಕ ಭೂಮಿಯ ಸೆಳೆತವನ್ನು ಅಳೆಯುವ ಉಪಕರಣವೂ ಆಯಿತು. 1865ರಿಂದ ಭಾರತದ ಸರ್ವೇಕ್ಷಣೆಯ ಕ್ಯಾಪ್ಟನ್ ಬಸೇವಿ ಲೋಲಕಗಳನ್ನು ಹೊತ್ತು ದೇಶ ಸುತ್ತಿದರು. ಹಿಮಾಲಯದ ಕಡೆ ಸೆಳೆತ ಎಣಿಸಿದ್ದಕ್ಕಿಂತ ಕಡಿಮೆ ಎಂದು ಕಂಡುಕೊಂಡರು. ಲಡಾಖಿನ ಎತ್ತರದಲ್ಲಿ ಅಳತೆ ನಡೆಸುತ್ತಿದ್ದಾಗಲೇ, 1871ರಲ್ಲಿ ತೀರಿಕೊಂಡರು.

ಮಂಗಳೂರಿನ ಗಡಿಯಾರವನ್ನು ಎತ್ತರದ ಮಡಿಕೇರಿಗೆ ಒಯ್ದರೂ ಸೆಳೆತ ತುಸು ತಗ್ಗಿ ದಿನಕ್ಕೆ ಹತ್ತು ಸೆಕೆಂಡಿನ ಆಸುಪಾಸು ಹಿಂದೆ ಬೀಳಬೇಕು. ಆದರೆ ಅಲ್ಲಿನ ತಂಪಿಗೆ ಉಕ್ಕಿನ ಕಡ್ಡಿ ಕುಗ್ಗಿ, ಅದರಲ್ಲಿ ಒಂದಿಷ್ಟನ್ನು ಮರಳಿಸುತ್ತದೆ. ಇಷ್ಟಕ್ಕೆಲ್ಲ ರಿಪೇರಿಯವನ ಹತ್ತಿರ ಓಡಬೇಡಿ. ಮೊದಲು ಪೆಟ್ಟಿಗೆ ನೆಟ್ಟಗಿದೆಯೇ ನೋಡಿ. ಟಿಕ್ಕಿಗೂ ಟಾಕಿಗೂ ನಡುವಿನ ಬಿಡುವು ಎರಡೂ ಕಡೆ ಒಂದೇ ಆಗುವವರೆಗೆ ಪೆಟ್ಟಿಗೆಯ ತಳವನ್ನು ಕೂದಲೆಳೆಯಷ್ಟು ಸರಿಸಿ, ಆಮೇಲೆ ನಟ್ಟಿಗೆ ಕೈ ಹಾಕಿ.