ಸಂಧಿಗೆ ಮುಂಚಿನ ಸೂಚನೆ

ಕುಮಾರವ್ಯಾಸನ ಭಾರತವನ್ನಾಗಲಿ ಲಕ್ಷ್ಮೀಶನ ಜೈಮಿನಿ ಭಾರತವನ್ನಾಗಲಿ ತೆರೆದವರಿಗೆ, ಸಂಧಿಯ ಆರಂಭದಲ್ಲಿ ‘ಸೂಚನೆ’ ಎಂಬ ಹೆಸರು ಹೊತ್ತ ಕಿರುಪದ್ಯವೊಂದು ಕಾಣುತ್ತದೆ. ಮುಂದೆ ಬರಲಿರುವ ಕಥೆಯ ತಿರುಳನ್ನು ಕವಿ ಅಲ್ಲಿ ಎರಡು ಮೂರು ಸಾಲುಗಳಲ್ಲಿ ಹೇಳಿಬಿಡುತ್ತಾನೆ. ಇಂದಿನ ಓದುಗರಲ್ಲಿ ಅನೇಕರು ಅದನ್ನು ಹಳೆಯ ಕಾಲದ ಒಂದು ಶಿಷ್ಟಾಚಾರವೆಂದು ಬಗೆದು ದಾಟಿ ಹೋಗುತ್ತಾರೆ. ಕೆಲವರಿಗಂತೂ ಅದು ದೋಷವಾಗಿಯೇ ತೋರುತ್ತದೆ. ಕೊನೆಗೆ ಏನಾಯಿತೆಂಬುದನ್ನು ಮೊದಲೇ ಹೇಳಿಬಿಟ್ಟರೆ ಕಥೆಯಲ್ಲಿ ಉಳಿಯುವ ಸ್ವಾರಸ್ಯವಾದರೂ ಏನು ಎಂಬುದು ಅವರ ಆಕ್ಷೇಪ.

ಆಕ್ಷೇಪ ಸಹಜವಾದದ್ದೇ, ಆದರೆ ನಮ್ಮ ಮಹಾಕಾವ್ಯಗಳ ರೀತಿಯನ್ನು ನೋಡಿದರೆ ಅದು ನಿಲ್ಲುವುದಿಲ್ಲ. ವಾಲ್ಮೀಕಿ ರಾಮಾಯಣದ ಮೊದಲ ಸರ್ಗದಲ್ಲಿಯೇ ನಾರದರು ರಾಮನ ಕಥೆಯನ್ನೆಲ್ಲ ಸಂಕ್ಷೇಪವಾಗಿ ಹೇಳಿ ಮುಗಿಸುತ್ತಾರೆ. ವ್ಯಾಸಭಾರತದ ಆದಿಪರ್ವದ ಮೊದಲಲ್ಲಿ ಅನುಕ್ರಮಣಿಕೆ ಇದೆ, ಪರ್ವಸಂಗ್ರಹವಿದೆ. ಕೇಳುವವರಿಗೆ ಕಥೆ ಗೊತ್ತಾಗಿಬಿಡುತ್ತದೆಂಬ ಭಯ ಈ ಕವಿಗಳಿಗೆ ಇರಲಿಲ್ಲ. ಗೊತ್ತಿರುವುದೇ ಮೇಲೆಂದು ಅವರು ಬಲ್ಲವರಾಗಿದ್ದರು. ಸೂಚನೆಯು ಕುತೂಹಲವನ್ನು ಕೊಲ್ಲುವುದಿಲ್ಲ, ಅದನ್ನು ಬೇರೆಡೆಗೆ ತಿರುಗಿಸುತ್ತದೆ. ‘ಮುಂದೇನಾಯಿತು’ ಎಂಬ ಆತುರ ಅಡಗಿ, ‘ಅದು ಹೇಗಾಯಿತು’ ಎಂಬ ಆಸಕ್ತಿ ತಲೆಯೆತ್ತುತ್ತದೆ. ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುವ ಭಾಗವನ್ನೇ ತೆಗೆದುಕೊಳ್ಳಿ. ಕರ್ಣನ ಕೊನೆ ಏನೆಂದು ತಿಳಿದವನಿಗೆ ಅಲ್ಲಿಯ ಒಂದೊಂದು ಮಾತೂ ಭಾರವಾಗಿ ಕೇಳಿಸುತ್ತದೆ. ತಿಳಿಯದವನಿಗೆ ಅದು ಕೇವಲ ಒಂದು ಸುದ್ದಿ.

ರಸದ ಮಾತು ಹಾಗಿರಲಿ, ಮೊದಲು ಅರ್ಥವಾಗಬೇಕಲ್ಲವೆ? ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಓಟ ವೇಗದ್ದು. ಯಾರು ಮಾತನಾಡುತ್ತಿದ್ದಾರೆಂದು ಹೇಳುವಷ್ಟು ವ್ಯವಧಾನವೂ ಎಷ್ಟೋ ಕಡೆ ಅವನಿಗಿಲ್ಲ. ಭಾನುಸುತ, ರಾಧೇಯ, ಅಂಗಪತಿ ಎಂಬ ಮೂರು ಹೆಸರುಗಳೂ ಒಬ್ಬನವೇ ಎಂದು ಹೊಸ ಓದುಗ ಊಹಿಸುವ ಹೊತ್ತಿಗೆ ಪದ್ಯ ಮುಗಿದಿರುತ್ತದೆ. ಅವನು ಎರಡು ಪದ್ಯಗಳಲ್ಲಿ ಎಡವಿ, ಮೂರನೆಯದರಲ್ಲಿ ನಿಘಂಟು ಹುಡುಕಿ, ನಾಲ್ಕನೆಯದಕ್ಕೆ ಪುಸ್ತಕ ಮುಚ್ಚುತ್ತಾನೆ. ಹಳೆಯ ಕಾವ್ಯ ತನ್ನಂಥವರಿಗಲ್ಲ ಎಂದು ತೀರ್ಮಾನಿಸುತ್ತಾನೆ. ಅವನಿಗೆ ಕಷ್ಟವಾದದ್ದು ಪದಗಳಷ್ಟೇ ಅಲ್ಲ. ಬಂದ ಪದವನ್ನು ಎಲ್ಲಿ ತಗುಲಿಹಾಕಬೇಕೆಂಬ ಗೂಟವೇ ಅವನ ಮನಸ್ಸಿನಲ್ಲಿ ಇರಲಿಲ್ಲ. ಸೂಚನೆ ಆ ಗೂಟವನ್ನು ಹೊಡೆದುಕೊಡುತ್ತದೆ.

ಇದು ಬರಿಯ ಅಭಿಮಾನದ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಷಿಯಾ ಜಾನ್ಸನ್ 1972ರಲ್ಲಿ ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಬಟ್ಟೆ ಒಗೆಯುವ ಕ್ರಮವನ್ನು, ಬಟ್ಟೆಯ ಹೆಸರನ್ನೇ ಎತ್ತದೆ, ಸುಲಭವಾದ ಮಾತುಗಳಲ್ಲಿ ಬರೆದು ಕೆಲವರಿಗೆ ಓದಿ ಹೇಳಲಾಯಿತು. ವಿಷಯ ಇಂಥದೆಂದು ಮೊದಲೇ ತಿಳಿದವರು ಚೆನ್ನಾಗಿ ಅರ್ಥಮಾಡಿಕೊಂಡರು. ತಿಳಿಯದವರಿಗಿಂತ ಸುಮಾರು ಇಮ್ಮಡಿ ಸಂಗತಿಗಳನ್ನು ನೆನಪಿನಿಂದ ಹೇಳಿದರು. ಕೇಳಿ ಮುಗಿದ ಮೇಲೆ ವಿಷಯ ತಿಳಿದವರಿಗೋ, ಏನೂ ತಿಳಿಯದವರಿಗಿಂತ ಹೆಚ್ಚಿನ ಪ್ರಯೋಜನವಾಗಲಿಲ್ಲ. ಅಲ್ಲಿ ಕಠಿಣವಾದ ಪದ ಒಂದೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಸೂಚನೆ ಸಂಧಿಯ ಕೊನೆಯಲ್ಲಿರದೆ ಮೊದಲಿನಲ್ಲಿಯೇ ಇರುವುದರ ಔಚಿತ್ಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಇವರಿಗೂ ಮುಂಚೆ, 1946ರಲ್ಲಿ, ಫ್ರಾನ್ಸಿಸ್ ರಾಬಿನ್ಸನ್ ಎಂಬ ವಿದ್ವಾಂಸರು ವಿದ್ಯಾರ್ಥಿಗಳಿಗಾಗಿ ರೂಪಿಸಿದ ಓದುವ ಕ್ರಮದಲ್ಲಿಯೂ ಮೊದಲ ಹೆಜ್ಜೆ ಓದುವುದಲ್ಲ. ಅಧ್ಯಾಯದ ಮೇಲೆ ಒಮ್ಮೆ ಕಣ್ಣಾಡಿಸಿ, ಅದರ ಆಕಾರವನ್ನು ಗ್ರಹಿಸುವುದು. ಎರಡನೆಯದು, ಪ್ರಶ್ನೆ ಹಾಕಿಕೊಳ್ಳುವುದು. ಓದು ಬರುವುದು ಆಮೇಲೆ.

ಹಿಂದೆ ಗಮಕಿ ಹಾಡುತ್ತಿದ್ದಾಗ ಪಕ್ಕದಲ್ಲಿ ವ್ಯಾಖ್ಯಾನಕಾರರು ಕುಳಿತು ಕಥೆಯ ಎಳೆಯನ್ನು ಹಿಡಿದುಕೊಡುತ್ತಿದ್ದರು. ಅಂಥ ಕೂಟಗಳು ಇಂದಿಗೂ ಅಲ್ಲಲ್ಲಿ ನಡೆಯುತ್ತವೆ. ಆದರೆ ನಮ್ಮಲ್ಲಿ ಬಹುಮಂದಿ ಓದುವುದು ಒಬ್ಬರೇ ಕುಳಿತು, ಮೌನವಾಗಿ. ಆದ್ದರಿಂದ ಸೂಚನೆಯ ಅಗತ್ಯ ಇಂದು ಕುಗ್ಗಿಲ್ಲ, ಹೆಚ್ಚಿದೆ. ಆದರೆ ಸೂಚನೆಯ ಪದ್ಯವೂ ಹಳೆಯ ಕನ್ನಡದ್ದೇ. ಅದೇ ಅರ್ಥವಾಗದಿದ್ದರೆ ಗತಿಯೇನು? ಇಲ್ಲಿ ಸಂಪಾದಕರ ಹೊಣೆ ಬರುತ್ತದೆ. ಪುಸ್ತಕದ ಹಿಂಬದಿಯಲ್ಲಿ ಶಬ್ದಾರ್ಥಗಳ ಪಟ್ಟಿ ಕೊಟ್ಟ ಮಾತ್ರಕ್ಕೆ ಅವರ ಕರ್ತವ್ಯ ತೀರಲಿಲ್ಲ. ಸಂಧಿಯ ಮೊದಲಲ್ಲಿ ನಾಲ್ಕು ಸಾಲಿನ ಗದ್ಯ, ಅದರಲ್ಲಿ ಬರುವವರ ಹೆಸರು ಮತ್ತು ಬಿರುದುಗಳು, ಇಷ್ಟು ಕೊಟ್ಟರೆ ಸಾಕು. ಮುನ್ನುಡಿ ಬರೆಯುವವರಿಗೂ ಇದೇ ಮಾತು. ಕವಿಯನ್ನು ಹತ್ತು ಪುಟ ಹೊಗಳುವ ಮುನ್ನುಡಿಗಿಂತ, ದಾರಿಯ ತಿರುವುಗಳನ್ನು ಎರಡು ಪುಟದಲ್ಲಿ ತೋರಿಸುವ ಮುನ್ನುಡಿ ಓದುಗನಿಗೆ ಹೆಚ್ಚು ಉಪಕಾರಿ.

ಒಂದು ಎಚ್ಚರಿಕೆಯೂ ಬೇಕು. ಪರೀಕ್ಷೆಯ ಗೈಡುಗಳಲ್ಲಿ ಸಾರಾಂಶ ಓದಿ ಕಾವ್ಯ ಓದಿದೆನೆಂದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಗೈಡು ಓದನ್ನು ತಪ್ಪಿಸುವುದಕ್ಕಾಗಿ ಹುಟ್ಟಿದ್ದು. ಸೂಚನೆ ಓದಿಗೆ ಕರೆತರುವುದಕ್ಕಾಗಿ. ಎರಡು ಸಾಲಿನಲ್ಲಿ ಎಲ್ಲವನ್ನೂ ಹೇಳಿದ ಕವಿ ಮತ್ತೆ ಅದನ್ನೇ ಹತ್ತಾರು ಪದ್ಯಗಳಲ್ಲಿ ಹೇಳುತ್ತಾನೆಂದರೆ, ಆ ಎರಡು ಸಾಲಿನಲ್ಲಿ ಹೇಳಲಾಗದ್ದು ಅವನಲ್ಲಿ ಬಹಳ ಉಳಿದಿತ್ತೆಂದೇ ಅರ್ಥ.

ಕಾವ್ಯವನ್ನು ಒಮ್ಮೆ ಕೈಗೆತ್ತಿ ಬಿಟ್ಟವರು ಮತ್ತೆ ಒಂದೇ ಒಂದು ಸಂಧಿಯನ್ನು ಹೀಗೆ ಓದಿ ನೋಡಬಹುದು. ಮೊದಲು ಸೂಚನೆಯನ್ನು ನಿಧಾನವಾಗಿ ಬಿಡಿಸಿಕೊಳ್ಳಿ. ಕೊನೆಯ ಪದ್ಯದತ್ತ ಒಮ್ಮೆ ಕಣ್ಣು ಹಾಯಿಸಿ. ಇಲ್ಲಿಂದ ಅಲ್ಲಿಗೆ ಕವಿ ಹೇಗೆ ಹೋದನೆಂದು ನಿಮ್ಮನ್ನೇ ಕೇಳಿಕೊಳ್ಳಿ. ಅನಂತರ, ತಿಳಿಯದ ಪದಗಳಿಗೆ ನಿಲ್ಲದೆ, ಗಟ್ಟಿಯಾಗಿ ಒಮ್ಮೆ ಓದಿ. ನಿಘಂಟಿನ ಕೆಲಸ ಎರಡನೆಯ ಓದಿಗಿರಲಿ.